ಕೆಳಗಿನ ಪೈಪು

ಅಸ್ಮಾರಾದಲ್ಲಿ ನೀರು ಬೇಗ ಕುದಿಯುತ್ತದೆ.
ಕಡಲಿಗಿಂತ ಅಷ್ಟು ಎತ್ತರದಲ್ಲಿದ್ದೇವೆ,
ತೊಂಬತ್ತೆರಡು ಡಿಗ್ರಿಗೇ ಬುಳುಬುಳು.
ಹೊಸದಾಗಿ ಬಂದವರು ಕಾಳು ಬೇಯಲಿಲ್ಲವೆಂದು
ಒಲೆಯನ್ನು ಬಯ್ಯುತ್ತಾರೆ.
ಗಾಡಿಯವರು ನನ್ನನ್ನು.

ಅಲ್ಗಾನೆಶ್‌ಳ ಫಿಯೆಟ್ಟು ನನಗಿಂತ ಎರಡು ವರ್ಷ ಹಿರಿದು.
ಕೆನೆಬಣ್ಣ. ಮದುವೆಗಳಿಗೆ ಬಾಡಿಗೆ ಹೋಗುತ್ತದೆ.
ಮಸ್ಸಾವಾಕ್ಕೆ ಇಳಿಯುವಾಗ ಸಾಧು,
ಹತ್ತುವಾಗ, ಗಿಂಡಾ ದಾಟಿ ಏಳನೆಯ ತಿರುವಿಗೆ
ಮುಚ್ಚಳದ ಸುತ್ತ ಬುಸ್ಸೆಂದು ಹೆಡೆ ಎತ್ತುತ್ತದೆ.
ಹೋದ ಶನಿವಾರ ಮದುಮಗಳು
ಬಂಡೆಯ ಮೇಲೆ ಕೂತು ಸಕ್ಕರೆ ಬಾದಾಮಿ ತಿಂದಳಂತೆ
ಎಂಜಿನ್ನು ತಣಿಯುವ ತನಕ.
ಮದುಮಗ ಕೋಟು ಬಿಚ್ಚಿ ಗಾಳಿ ಬೀಸಿದ್ದು
ಅವಳಿಗಲ್ಲ, ರೇಡಿಯೇಟರಿಗೆ.

ಹುಡುಕಿದೆ.
ಮೊದಲು ಮುಚ್ಚಳ: ರಬ್ಬರು ಒಣಗಿತ್ತು, ಬದಲಿಸಿದೆ.
ಫ್ಯಾನಿನ ಬೆಲ್ಟು ಹೆಬ್ಬೆರಳಿಗೆ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು.
ರೇಡಿಯೇಟರನ್ನು ತಲೆಕೆಳಗು ಮಾಡಿ
ವಿನೆಗರು ಕುಡಿಸಿ ಇಡೀ ರಾತ್ರಿ ಬಿಟ್ಟೆ;
ಬೆಳಿಗ್ಗೆ ಕಕ್ಕಿತು, ತುಕ್ಕು, ಸುಣ್ಣ,
ಒಂದು ಇಟಾಲಿಯನ್ ಗುಂಡಿ,
ಯಾವ ಸೈನಿಕನದೋ, ಯಾವ ಪ್ರೇಯಸಿಯದೋ.
ಥರ್ಮೋಸ್ಟಾಟನ್ನು ಹೆಂಡತಿಯ ಪಾತ್ರೆಯಲ್ಲೇ ಕುದಿಸಿದೆ
(ಬೈಸಿಕೊಂಡೆ).
ಸರಿಯಾದ ಹೊತ್ತಿಗೆ ಬಾಯಿ ಬಿಟ್ಟಿತು,
ಆದರೆ ಏನನ್ನೂ ಹೇಳಲಿಲ್ಲ.
ಎಣ್ಣೆಯಲ್ಲಿ ನೀರಿಲ್ಲ, ನೀರಲ್ಲಿ ಎಣ್ಣೆಯಿಲ್ಲ,
ಗ್ಯಾಸ್ಕೆಟ್ಟು ಪತಿವ್ರತೆ.
ಪಂಪು ಬಿಚ್ಚಿದೆ. ರೆಕ್ಕೆಗಳು ನಾಣ್ಯದಂತೆ ಹೊಳೆದವು,
ಅದೂ ಅಲ್ಲ.

ಮತ್ತೆ ಕಟ್ಟಿ ಅಂಗಳದಲ್ಲಿ ಅರ್ಧ ಗಂಟೆ ಓಡಿಸಿದೆ.
ಬೆಕ್ಕಿನ ಹಾಗೆ ಗುರುಗುಟ್ಟಿತು, ತಣ್ಣಗೆ.
ನಿಂತಲ್ಲಿ ಯಾವ ಕಾಯಿಲೆಯೂ ಇಲ್ಲ.
ವೈದ್ಯರ ಮುಂದೆ ನೋವು ಮರೆಯುವ ಮುದುಕರಿಲ್ಲವೇ, ಹಾಗೆ.

ಆ ರಾತ್ರಿ ಮಲಗಿ, ಎದ್ದು, ಯೋಚಿಸಿದೆ.
ಉಳಿದದ್ದು ಕೆಳಗಿನ ಪೈಪು.
ರೇಡಿಯೇಟರಿನ ಪಾದದಿಂದ ಪಂಪಿಗೆ ನೀರು ತರುವುದು.
ನಿಂತಾಗ ದುಂಡಗೆ ಕಾಣುತ್ತದೆ, ಮುಟ್ಟಿದರೆ ಗಟ್ಟಿಯೇ.
ಏರಿನಲ್ಲಿ ಕಾಲೊತ್ತಿದಾಗ ಪಂಪು ಬಾಯಾರಿ ಎಳೆಯುತ್ತದೆ,
ಆಗ, ಒಳಗೆ ಸ್ಪ್ರಿಂಗಿಲ್ಲದಿದ್ದರೆ...
ಅದನ್ನು ನೋಡಲು ಇಬ್ಬರು ಬೇಕು,
ಒಬ್ಬ ಪೆಡಲಿನ ಮೇಲೆ, ಒಬ್ಬ ನೆಲದ ಮೇಲೆ ಬೆನ್ನು ಹಾಕಿ.

ಪೆಡಲಿನ ಮೇಲೆ ಇಟ್ಟಿಗೆ ಇಟ್ಟು ನೋಡಿದೆ.
ಇಟ್ಟಿಗೆಗೆ ಹದ ಗೊತ್ತಿಲ್ಲ.

ರಸ್ತೆಯ ಆಚೆ ತೆಕ್ಲಾಯ್ ಸೈಕಲ್ಲು ರಿಪೇರಿ ಮಾಡುತ್ತಾನೆ.
ಹದಿನಾಲ್ಕು ವರ್ಷ ಈ ಶೆಡ್ಡಿನ ಫಲಕದ ಮೇಲೆ
ಅವನ ಹೆಸರು ಮೊದಲು, ಆಮೇಲೆ ನನ್ನದು.
ಒಂದು ಲೇತು ಯಾರದೆಂದು ಮಾತಿಗೆ ಮಾತು ಬೆಳೆಯಿತು.
ಲೇತು ಮಾರಿ ಒಂಬತ್ತು ವರ್ಷವಾಯಿತು,
ಮಾತು ಇನ್ನೂ ಮಾರಾಟವಾಗಿಲ್ಲ.

ನಿಜ ಹೇಳುತ್ತೇನೆ.
ಕಾರ್ಬುರೇಟರಿನ ಕಡ್ಡಿಯನ್ನು ಕೈಯಿಂದ ಎಳೆದೂ
ಎಂಜಿನ್ನು ಏರಿಸಬಹುದು, ಬಗ್ಗಿ ಪೈಪನ್ನು ನೋಡಬಹುದು.
ಮೊದಲ ವಾರದ ಹುಡುಗನಿಗೂ ಗೊತ್ತು.
ಆದರೂ ಕೈ ಒರೆಸಿಕೊಂಡು ರಸ್ತೆ ದಾಟಿದೆ.

"ಒಂದು ಕಾಲು ಬೇಕಿತ್ತು" ಅಂದೆ.
ಅವನು ಕೈಯಲ್ಲಿದ್ದ ಚಕ್ರವನ್ನು ಒಮ್ಮೆ ತಿರುಗಿಸಿ
ಅದು ತಾನಾಗಿ ನಿಲ್ಲುವ ತನಕ ಕಾದ.
ಆಮೇಲೆ ಬಂದ. ಸೀಟನ್ನು ಹಿಂದಕ್ಕೆ ಸರಿಸಿದ,
ಅವನ ಕಾಲು ಉದ್ದ, ಮರೆತೇ ಹೋಗಿತ್ತು.

ಕೆಳಗೆ ಮಲಗಿ ಟಾರ್ಚು ಹಿಡಿದೆ.
"ಒತ್ತು."
ಒತ್ತಿದ, ಅದೇ ಹಳೆಯ ಹದ,
ಕೂಸಿನ ಬಾಯಿಗೆ ಚಮಚ ಇಡುವಷ್ಟು ನಿಧಾನ.
ಎಂಜಿನ್ನು ಗಿಂಡಾದ ಏರನ್ನು ಹತ್ತಿತು ನಿಂತಲ್ಲೇ,
ಪೈಪು ಹುಣಿಸೆ ಚೀಪುವವನ ಕೆನ್ನೆಯಂತೆ
ಒಳಕ್ಕೆ, ಒಳಕ್ಕೆ ಹೋಗಿ
ಚಪ್ಪಟೆಯಾಗಿ ಅಂಟಿಕೊಂಡಿತು,
ಹನಿ ನೀರಿಗೂ ದಾರಿಯಿಲ್ಲ.

"ಕಂಡಿತಾ?" ಮೇಲಿನಿಂದ ಕೂಗಿದ.

ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.
"ಇಲ್ಲ" ಅಂದೆ, "ಇನ್ನೊಮ್ಮೆ."

"ಕಣ್ಣು ಹೋಯಿತೇನೋ ನಿನಗೆ" ಅಂದ.
ಒತ್ತಿದ.